ಹದಿನಾಲ್ಕು ಇದ್ದ ಜಾಗದಲ್ಲಿ ಒಂಬತ್ತು

"ಅಕ್ಕಾ, ಮತ್ತೆ ನಿಂತುಹೋಯ್ತು!"

ಪರದೆಯ ಮೇಲಿನ ಹಸಿರು ಪಟ್ಟಿ ನೂರಕ್ಕೆ ಅರವತ್ತೆರಡು ಎಂಬಲ್ಲಿಗೆ ಬಂದು ಕಲ್ಲಿನಂತೆ ಕೂತಿತ್ತು. ಬೆಳಗಿನಿಂದ ಇದು ನಾಲ್ಕನೇ ಸಲ.

"ನಿಂತಿಲ್ಲ, ಸುಧಾರಿಸಿಕೊಳ್ತಾ ಇದೆ. ಸರ್ಕಾರಿ ಫೈಲು ಅಲ್ವಾ, ಅದರ ನಡಿಗೆನೇ ಹಾಗೆ," ಎಂದಳು ದಾಖಲೆ ಅಕ್ಕ. ತಮಾಷೆ ಮಾಡಿದ ತನ್ನ ದನಿ ಅವಳಿಗೇ ಸುಳ್ಳೆನಿಸಿತು.

ಪುಟ ಹೊಸದಾಗಿ ತೆರೆದುಕೊಂಡಿತು. ಟ್ರಾಫಿಕ್ ದೀಪವಿರುವ ಚೌಕಗಳನ್ನೆಲ್ಲ ಒತ್ತಿ, ನೀವು ಮನುಷ್ಯರೆಂದು ತೋರಿಸಿ ಎಂದಿತು.

"ನಾವು ಮನುಷ್ಯರು ಅಂತ ಇದಕ್ಕೆ ಎಷ್ಟು ಸಲ ಆಣೆ ಹಾಕ್ಬೇಕು?" ಎಂದು ಪಕ್ಕದಲ್ಲಿದ್ದ ಹುಡುಗಿ ನಕ್ಕಳು.

ದಾಖಲೆ ಅಕ್ಕ ನಗಲಿಲ್ಲ. ಒಂದೊಂದೇ ಚೌಕ ಒತ್ತಿದಳು.

ವಕೀಲರ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ದಾಖಲೆ ಅಕ್ಕ ಎಂದೇ. ಕಳೆದುಹೋದ ಆದೇಶ, ಮರೆತುಹೋದ ಟೆಂಡರು, ಯಾರೂ ಓದದ ನಡಾವಳಿ, ಯಾವುದಿದ್ದರೂ ಹುಡುಕಿ ತೆಗೆಯುವುದು ಅವಳ ಕಸುಬು. ಸರ್ಕಾರ ಕೊಂಡ ಪ್ರತಿಯೊಂದು ವಸ್ತುವಿನ ಕಾಗದಪತ್ರವೂ ಖರೀದಿ ಇಲಾಖೆಯ ಜಾಲತಾಣದಲ್ಲಿ ವರ್ಷವಾರು ಜಿಪ್ ಫೈಲಿನ ಮೂಟೆ ಕಟ್ಟಿ ಬಿದ್ದಿರುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇಳಿಸಿಕೊಳ್ಳುವ ಪುರುಸೊತ್ತು ಮಾತ್ರ ಯಾರಿಗೂ ಇಲ್ಲ.

ಹುಡುಗಿ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಅದಕ್ಕಿಂತ ಹೆಚ್ಚಾಗಿ ಊರಿಗೆಲ್ಲ ಅವಳು ಬೋಟಿನವನ ಮಗಳು. ಏಳು ವರ್ಷಗಳ ಹಿಂದೆ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ, ಅವಳ ಅಪ್ಪನ ಬೋಟು ನದಿಯ ನಡುವೆ ಮಗುಚಿಕೊಂಡಿತು. ಹನ್ನೊಂದು ಜನ ಹೋದರು. ಎಲ್ಲರಿಗೂ ಜಾಕೆಟ್ ತೊಡಿಸಿದ್ದೆ, ಜಾಕೆಟ್ಟೇ ನೀರು ಕುಡಿದು ಮುಳುಗಿತು ಎಂದು ಅವನು ಬಡಕೊಂಡ. ತೇಲುವುದಕ್ಕೆಂದೇ ಮಾಡಿದ ಜಾಕೆಟ್ ಮುಳುಗುತ್ತದೆಯೇ ಎಂದು ಎಲ್ಲರೂ ಕೇಳಿದರು. ಗೂಬೆ ಅವನ ತಲೆಯ ಮೇಲೆಯೇ ಕೂತಿತು. ಐದು ವರ್ಷ ಜೈಲು. ಹೊರಬಂದ ಮೇಲೆ ಅವನು ಮಾತೇ ಬಿಟ್ಟಿದ್ದ.

ಈಗ ನಿವೃತ್ತ ನ್ಯಾಯಾಧೀಶರೊಬ್ಬರ ಆಯೋಗ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಂಡಿತ್ತು. ಸೋಮವಾರ ವಿಚಾರಣೆ. ಇವತ್ತು ಶನಿವಾರ.

"ಬಂತು ಬಂತು! ನೂರು!" ಹುಡುಗಿ ಕುರ್ಚಿಯಿಂದ ಅರ್ಧ ಎದ್ದಳು.

ದಾಖಲೆ ಅಕ್ಕ ಕುರ್ಚಿಯನ್ನು ಪರದೆಗೆ ಹತ್ತಿರ ಎಳೆದುಕೊಂಡಳು. ಮೂಟೆ ಬಿಚ್ಚಿದಳು. ತಿಂಗಳು, ಇಲಾಖೆ, ಒಳನಾಡು ಜಲಸಾರಿಗೆ. ನಾನೂರು ಜೀವರಕ್ಷಕ ಜಾಕೆಟ್‌ಗಳ ಫೋಲ್ಡರು. ಟೆಂಡರಿನ ಪ್ರಕಟಣೆ ಇತ್ತು. ಯಾರಿಗೆ ಕೊಟ್ಟರು ಎಂಬ ಆದೇಶ ಇತ್ತು. ಪ್ರಯೋಗಾಲಯದ ಪರೀಕ್ಷಾ ವರದಿ ಇರಬೇಕಾದ ಜಾಗ ಖಾಲಿ.

"ವರದಿನೇ ಇಲ್ಲ!" ಎಂದಳು ಹುಡುಗಿ. "ಪರೀಕ್ಷೆ ಮಾಡದೆ ತಗೊಂಡ್ರಾ?"

"ನಮೂದಿನ ಹಾಳೆ ನೋಡೋಣ."

ಹಾಳೆಯಲ್ಲಿ ಉದ್ದಕ್ಕೆ ಒಂದು ಸಾಲು. 'ಪರೀಕ್ಷಾ ವರದಿ' ಎಂಬ ಅಂಕಣದ ಕೆಳಗೆ 'ಲಗತ್ತಿಸಿದೆ' ಎಂದಿತ್ತು. ಆ ಒಂದು ಪದದ ಬಲದ ಮೇಲೆ ಜಾಕೆಟ್‌ಗಳು ಉಗ್ರಾಣದಿಂದ ದೋಣಿಕಟ್ಟೆಗೆ ಹೋಗಿದ್ದವು.

ಕಟ್ಟಕಡೆಯ ಅಂಕಣ, 'ನಮೂದಿಸಿದವರು'. ಅಲ್ಲಿ ಹೆಸರಿರುವುದಿಲ್ಲ, ನಂಬರಿರುತ್ತದೆ. ದಾಖಲೆ ಅಕ್ಕ ಮೊಣಕೈಯನ್ನು ಪರದೆಯ ಬಲತುದಿಗೆ ಅಡ್ಡವಾಗಿ ಇಟ್ಟುಕೊಂಡೇ ಹಾಳೆ ಸರಿಸಿದಳು. ಅಲ್ಲಿ ಹದಿನಾಲ್ಕು ಎಂದಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇರಲು ಹೇಗೆ ಸಾಧ್ಯ? ಏಳು ವರ್ಷಗಳ ಹಿಂದೆ ಆ ಹದಿನಾಲ್ಕು ಅವಳೇ.

"ಕೈ ತೆಗಿ ಅಕ್ಕಾ, ಕಾಣ್ತಿಲ್ಲ."

ಕೈ ತೆಗೆದಳು.

ಒಂಬತ್ತು ಎಂದಿತ್ತು.

ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿದಂತೆ ಅವಳು ಹಗುರಾದಳು. ಎರಡೇ ಉಸಿರು, ಅಷ್ಟೇ. ಆಮೇಲೆ ಆ ಹಗುರವೇ ಅವಳನ್ನು ಸುಡತೊಡಗಿತು.

"ಒಂಬತ್ತು ಅಂದ್ರೆ ಯಾರು?" ಹುಡುಗಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಳು.

"ಗೊತ್ತಿಲ್ಲ. ವಿಚಾರಿಸ್ತೀನಿ."

"ಏಳು ವರ್ಷ ಆದ್ಮೇಲೆ ಒಂದು ನಂಬರಾದ್ರೂ ಸಿಕ್ತಲ್ಲ ಅಕ್ಕಾ. ನೀವಿಲ್ದಿದ್ರೆ ನಾನು ಎಲ್ಲಿ ಹುಡುಕ್ತಿದ್ದೆ?" ಎಂದು ಅವಳ ಭುಜ ಒತ್ತಿ ಹುಡುಗಿ ಕ್ಲಿನಿಕ್ಕಿಗೆ ಓಡಿದಳು.

ಒತ್ತಿದ ಭುಜವನ್ನು ದಾಖಲೆ ಅಕ್ಕ ಬಹಳ ಹೊತ್ತು ಅಲ್ಲಾಡಿಸಲಿಲ್ಲ.

*

ಬೀರುವಿನ ಮೇಲಿನ ಖಾನೆಯಲ್ಲಿ ಅದೇ ವರ್ಷದ ಮೂಟೆಯ ಹಳೆಯ ಪ್ರತಿ ಇತ್ತು. ಮೂರು ವರ್ಷದ ಹಿಂದೆ ಬೇರೊಂದು ಕೆಲಸಕ್ಕೆ ಇಳಿಸಿಕೊಂಡದ್ದು. ಹುಡುಗಿ ಮೊದಲ ಸಲ ಬಂದ ದಿನವೂ ಅದು ಅಲ್ಲೇ ಇತ್ತು. ಸರ್ವರ್ ಕೆಟ್ಟಿದೆ, ಮುಂದಿನ ವಾರ ನೋಡೋಣ ಎಂದು ಮೂರು ವಾರ ತಳ್ಳಿದವಳು ಇವಳೇ.

ಹಳೆಯ ಪ್ರತಿ ತೆರೆದಳು. ಅಲ್ಲೂ ವರದಿ ಇಲ್ಲ, ಅಲ್ಲೂ 'ಲಗತ್ತಿಸಿದೆ'. ಕೊನೆಯ ಅಂಕಣದಲ್ಲಿ ಮಾತ್ರ ಹದಿನಾಲ್ಕು.

ತಾಣದಲ್ಲಿ ಮೂಟೆಯ ಕೆಳಗೆ ಸಣ್ಣಕ್ಷರದ ಒಂದು ಸಾಲಿತ್ತು. ಕೊನೆಯ ಪರಿಷ್ಕರಣೆ, ಕಳೆದ ಬುಧವಾರ, ಸಂಜೆ ನಾಲ್ಕು ಹತ್ತು.

ಏಳು ವರ್ಷ ಯಾರೂ ಮುಟ್ಟದ ಫೈಲಿಗೆ ಮೂರು ದಿನದ ಕೆಳಗೆ ಯಾರೋ ಕೈ ಹಾಕಿದ್ದರು.

ಅವಳು ಎದ್ದು ನೀರು ಕುಡಿದಳು. ಆಗ ತಾನು ಕೆಲಸ ಮಾಡುತ್ತಿದ್ದ ಖರೀದಿ ಇಲಾಖೆಯ ನಮೂದು ವಿಭಾಗದ ಆ ದೊಡ್ಡ ಕೋಣೆ ಕಣ್ಣಿಗೆ ಕಟ್ಟಿತು. ಇಪ್ಪತ್ತು ಯಂತ್ರ, ಇಪ್ಪತ್ತು ಹುಡುಗಿಯರು. ಹೆಸರಿಗಿಂತ ನಂಬರೇ ಬಾಯಿಗೆ ಬರುತ್ತಿತ್ತು. 'ಏ ಹದಿನಾಲ್ಕು, ಊಟಕ್ಕೆ ಬಾರೆ' ಎಂದು ದಿನಾ ಕೂಗುತ್ತಿದ್ದವಳೇ ಒಂಬತ್ತು.

ಆ ಪದ ಹೊಡೆದ ದಿನ ಶುಕ್ರವಾರ. ಜಾಕೆಟ್ಟಿನ ಫೋಲ್ಡರಿನಲ್ಲಿ ವರದಿಯ ಹಾಳೆ ಇರಲಿಲ್ಲ. ಎದ್ದು ಹೋಗಿ ಮೇಲ್ವಿಚಾರಕನನ್ನು ಕೇಳಿದ್ದಳು. "ಮುಂದಿನ ವಾರ ಬರುತ್ತಮ್ಮ. ಲಗತ್ತಿಸಿದೆ ಅಂತ ಹೊಡಿ, ತಿಂಗಳು ಮುಗೀಲಿ," ಎಂದಿದ್ದ. ಆಗದು ಎನ್ನಬಹುದಿತ್ತು. ಆದರೆ ಐದೂವರೆಗೆ ಸಿನಿಮಾ ಇತ್ತು. ಕೆಳಗೆ ಗೇಟಿನ ಬಳಿ ಅವಳನ್ನು ಮದುವೆಯಾಗಲಿದ್ದವನು ಎರಡು ಟಿಕೆಟ್ ಹಿಡಿದು ನಿಂತಿದ್ದ. ಹೊಡೆದಳು. ಬ್ಯಾಗು ಹೆಗಲಿಗೇರಿಸಿಕೊಂಡು ಎರಡೆರಡು ಮೆಟ್ಟಿಲು ಹಾರಿ ಇಳಿದಳು.

ಮೇಲ್ವಿಚಾರಕ ಈಗ ಬದುಕಿಲ್ಲ. ಅವನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳೋಣವೆಂದರೂ ಆ ಪದ ಹೊಡೆದ ಬೆರಳು ಇವಳದೇ.

*

ಒಂಬತ್ತು ಈಗ ಬಟ್ಟೆ ಸರಿಪಡಿಸುವ ಅಂಗಡಿ ಇಟ್ಟಿದ್ದಳು. ಮೆಟ್ಟಿಲ ಕೆಳಗಿನ ಸಂದಿಯಷ್ಟೇ ಜಾಗ. ಹೊಲಿಗೆ ಯಂತ್ರ, ಒಂದು ಸ್ಟೂಲು, ಗೋಡೆಯ ಮೊಳೆಗಳಿಗೆಲ್ಲ ನೇತುಬಿದ್ದ ಪ್ಯಾಂಟುಗಳು.

"ಬಾ ಬಾ, ಎಷ್ಟು ದಿನ ಆಯ್ತೇ! ನೀನು ಕಂಪ್ಯೂಟರಿನಲ್ಲಿ ಜಿಪ್ ಬಿಚ್ತೀಯಂತೆ, ನಾನು ಇಲ್ಲಿ ಜಿಪ್ ಹಾಕ್ತೀನಿ. ಇಬ್ಬರದೂ ಒಂದೇ ಕಸುಬಾಯ್ತು ನೋಡು."

ನಗು ಅರ್ಧಕ್ಕೇ ನಿಂತಿತು. ದಾಖಲೆ ಅಕ್ಕನ ಮುಖ ನೋಡಿ ಅವಳು ಯಂತ್ರದ ಪೆಡಲಿನಿಂದ ಕಾಲು ತೆಗೆದಳು.

"ನಿನಗೂ ಬಂತಾ?"

"ಏನು?"

ಒಂಬತ್ತು ದಾರದ ಡಬ್ಬಿಯ ಕೆಳಗಿನಿಂದ ಒಂದು ಲಕೋಟೆ ತೆಗೆದಳು. ಆಯೋಗದ ನೋಟಿಸು. ಗುರುವಾರ ತಾಣದಿಂದ ಪಡೆದ ದಾಖಲೆಯ ಪ್ರಕಾರ ಜಾಕೆಟ್ ಖರೀದಿಯ ನಮೂದು ನಿಮ್ಮದು, ಸೋಮವಾರ ಹಾಜರಾಗಿ ವಿವರಣೆ ಕೊಡಿ.

"ನಿನ್ನೆ ಬಂತು. ನನ್ನ ಯಜಮಾನ್ರು ಅನ್ನ ಬಿಟ್ಟು ಎದ್ರು. ಅತ್ತೆ ಒಂದೇ ಸಮನೆ ಕೇಳ್ತಿದ್ದಾರೆ, 'ಹನ್ನೊಂದು ಜನ ಅಂತಲ್ಲೇ, ಹನ್ನೊಂದು ಜನ ಅಂತಲ್ಲೇ' ಅಂತ. ನಾನು ಏನು ಹೇಳ್ಲಿ? ಆ ವಾರ ನಾನು ಆಫೀಸಿಗೇ ಬಂದಿಲ್ಲ. ಅಮ್ಮನ ಕಣ್ಣಿನ ಆಪರೇಷನ್ನು. ನೆನಪಿದೆಯಾ?"

"ನೆನಪಿದೆ."

"ಹಾಗಾದ್ರೆ ನನ್ನ ನಂಬರು ಅಲ್ಲಿ ಹೇಗೆ ಬಂತು?"

"ಅದು ನಿನ್ನದಲ್ಲ. ನಾನು ಹೊಡೆದಿದ್ದು." ಎಂದಳು ದಾಖಲೆ ಅಕ್ಕ. "ಯಾರೋ ಈ ವಾರ ಬದಲಾಯಿಸಿದ್ದಾರೆ. ನಾನಲ್ಲ. ಆದರೆ ನಿನ್ನ ನಂಬರು ನೋಡಿದಾಗ ನನಗೆ ಸಮಾಧಾನ ಆಯ್ತು ಕಣೆ. ಅದನ್ನೂ ಹೇಳಿಬಿಡ್ತೀನಿ."

ಒಂಬತ್ತು ಕೈಯಲ್ಲಿದ್ದ ಪ್ಯಾಂಟನ್ನು ಮಡಚಿದಳು. ಬಿಚ್ಚಿದಳು. ಮತ್ತೆ ಮಡಚಿದಳು.

"ಏಳು ವರ್ಷ ನೀನು ನಿದ್ದೆ ಹೇಗೆ ಮಾಡಿದೆ?"

"ಮೊದಲ ವರ್ಷ ಮಾಡ್ಲಿಲ್ಲ. ಆಮೇಲೆ ರೂಢಿಯಾಯ್ತು."

"ರೂಢಿಯಾಯ್ತು," ಎಂದು ಒಂಬತ್ತು ಆ ಮಾತನ್ನೇ ತಿರುಗಿಸಿ ಹೇಳಿದಳು. ಬೈಯಲಿಲ್ಲ. ಯಂತ್ರದ ಕಡೆಗೆ ತಿರುಗಿ ಸೂಜಿಗೆ ದಾರ ಪೋಣಿಸಲು ನೋಡಿದಳು. ಮೂರು ಸಲ ತಪ್ಪಿತು. "ಸೋಮವಾರ ನೀನು ಬಂದು ಹೇಳ್ಬೇಕು. ಹೇಳದಿದ್ರೆ ನಾನು ಹೇಳ್ತೀನಿ. ಈಗ ಹೋಗು, ನಾಲ್ಕು ಗಂಟೆಗೆ ಇದನ್ನ ಕೊಡ್ಬೇಕು."

*

ಕ್ಲಿನಿಕ್ಕಿನ ಹಿಂಬಾಗಿಲಲ್ಲಿ ಹುಡುಗಿ ಕೈಗವಸು ಬಿಚ್ಚುತ್ತ ಬಂದಳು.

"ಸಿಕ್ಕಳಾ ಒಂಬತ್ತು?"

"ಸಿಕ್ಕಳು. ಅವಳಲ್ಲ." ದಾಖಲೆ ಅಕ್ಕ ಗೋಡೆಗೆ ಒರಗಲೂ ಇಲ್ಲ. ನೆಟ್ಟಗೆ ನಿಂತೇ ಎಲ್ಲ ಹೇಳಿದಳು. ಶುಕ್ರವಾರ, ಖಾಲಿ ಜಾಗ, ಸಿನಿಮಾ, ಬೀರುವಿನಲ್ಲಿದ್ದ ಹಳೆಯ ಪ್ರತಿ, ಮೂರು ವಾರದ ಸುಳ್ಳು. ಒಂದನ್ನೂ ಸಣ್ಣದು ಮಾಡಲಿಲ್ಲ.

ಹುಡುಗಿ ಕೈಗವಸನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದಳು. ಒಳಗೆ ಡಾಕ್ಟರ ಯಂತ್ರ ಗುಂಯ್‌ಗುಡುತ್ತಿತ್ತು.

"ಯಾವ ಸಿನಿಮಾ?"

"ಏನು?"

"ಯಾವ ಸಿನಿಮಾ ನೋಡಿದ್ರಿ ಆ ದಿನ?"

"ನೆನಪಿಲ್ಲ." ನಿಜವಾಗಿಯೂ ನೆನಪಿರಲಿಲ್ಲ. ಅದಕ್ಕಿಂತ ನಾಚಿಕೆಗೇಡಿನ ಉತ್ತರ ಇನ್ನೊಂದಿಲ್ಲವೆನಿಸಿತು.

"ಇದನ್ನ ನನಗೆ ಹೇಳಿದ್ರೆ ಸಾಲದು. ಅಪ್ಪನಿಗೆ ಹೇಳ್ಬೇಕು. ಸೋಮವಾರ ಅಲ್ಲ, ಇವತ್ತು. ಆರು ಗಂಟೆಗೆ ಕರ್ಕೊಂಡು ಬರ್ತೀನಿ, ನಿಮ್ಮ ಮನೆಗೆ." ಬಾಗಿಲು ದಾಟುವ ಮುನ್ನ ಹುಡುಗಿ ತಿರುಗಿದಳು. ಅಲ್ಲಿಯವರೆಗೆ ಇದ್ದ 'ಅಕ್ಕಾ' ಈಗ ಇರಲಿಲ್ಲ. "ಆ ನಂಬರು ಬದಲಾಯಿಸಿದ್ದು ಯಾರು ಅಂತಲೂ ಅಷ್ಟರೊಳಗೆ ತಿಳ್ಕೊಳ್ಳಿ."

ತಿಳಿದುಕೊಳ್ಳುವುದೇನೂ ಉಳಿದಿರಲಿಲ್ಲ. ಈ ವಾರ ಆ ವರ್ಷದ ಮೂಟೆ ಇಳಿಸಲೇಬೇಕು, ಇನ್ನು ತಳ್ಳಲಾಗದು ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಒಬ್ಬನೇ ಮನುಷ್ಯನಿಗೆ. ಮಂಗಳವಾರ, ಊಟಕ್ಕೆ ಕೂತಾಗ. ಆ ಮನುಷ್ಯ ಖರೀದಿ ಇಲಾಖೆಯ ಸರ್ವರ್ ಕೋಣೆಯ ಉಸ್ತುವಾರಿ. ಏಳು ವರ್ಷದ ಹಿಂದೆ ಗೇಟಿನ ಬಳಿ ಟಿಕೆಟ್ ಹಿಡಿದು ನಿಂತಿದ್ದವನು, ಈಗ ಅವಳ ಗಂಡ.

*

ಅವನು ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಸಂಜೆಯ ಬಿಸಿಲು ಕಿಟಕಿಯಿಂದ ಅವನ ಬೆನ್ನಿನ ಮೇಲೆ ಬಿದ್ದಿತ್ತು. ಗೋಡೆಯ ಗಡಿಯಾರದಲ್ಲಿ ಐದು ಮುಕ್ಕಾಲು.

"ಒಂಬತ್ತು ಅಂತ ಮಾಡಿದ್ದು ನೀವೇ ತಾನೆ?"

ಚಾಕು ನಿಂತಿತು. ಅವನು ಸುಳ್ಳು ಹೇಳಲು ಹೊರಡಲಿಲ್ಲ.

"ಅವಳಿಗೆ ಏನೂ ಆಗಲ್ಲ. ಆ ವಾರ ರಜೆಯಲ್ಲಿದ್ದಳು ಅಂತ ಹಾಜರಿ ಪುಸ್ತಕದಲ್ಲೇ ಇದೆ. ಎರಡು ದಿನ ಗೊಂದಲ ಆಗುತ್ತೆ, ತಪ್ಪು ನಮೂದು ಅಂತ ಬಿಟ್ಟುಬಿಡ್ತಾರೆ. ನಿನ್ನ ತಂಟೆಗೆ ಯಾರೂ ಬರಲ್ಲ. ಅಷ್ಟೇ ಯೋಚನೆ ಮಾಡಿದ್ದು."

"ಅವಳ ಗಂಡ ಊಟ ಬಿಟ್ಟು ಎದ್ದ. ಅದನ್ನ ಯೋಚನೆ ಮಾಡ್ಲಿಲ್ವಾ?"

"ನಿನ್ನ ಬಗ್ಗೆ ಮಾತ್ರ ಯೋಚನೆ ಮಾಡಿದೆ."

"ನಾನು ಎಲ್ಲ ಹೇಳಿಬಿಟ್ಟೆ. ಒಂಬತ್ತಿಗೂ ಹೇಳಿದೆ, ಆ ಹುಡುಗಿಗೂ ಹೇಳಿದೆ. ಇನ್ನು ಹದಿನೈದು ನಿಮಿಷಕ್ಕೆ ಅವಳ ಅಪ್ಪ ಇಲ್ಲಿಗೆ ಬರ್ತಾನೆ."

ಅವನು ಚಾಕುವನ್ನು ಮೆಲ್ಲಗೆ ಕೆಳಗಿಟ್ಟ. "ಇಲ್ಲಿಗೆ ಯಾಕೆ? ಆಯೋಗಕ್ಕೆ ಹೇಳಿದ್ರೆ ಸಾಕಿತ್ತಲ್ಲ?"

"ನಾನು ಆ ಪದ ಹೊಡೀದಿದ್ರೆ ಅವನ ಬಾಳು ನೆಟ್ಟಗಿರ್ತಿತ್ತು. ಮುಖ ಕೊಟ್ಟು ಹೇಳ್ಬೇಡವಾ?"

ಅವನು ಸ್ಟೂಲಿನ ಮೇಲೆ ಕುಸಿದ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ನಿನ್ನೊಬ್ಬಳ ಪದದಿಂದ ಆಗಿದ್ದಲ್ಲ ಅದು," ಎಂದ. "ವರದಿ ಬಂದಿತ್ತು."

ದಾಖಲೆ ಅಕ್ಕನಿಗೆ ಕೇಳಿದ್ದು ಅರ್ಥವಾಗಲಿಲ್ಲ. "ಯಾವ ವರದಿ?"

"ಪ್ರಯೋಗಾಲಯದ್ದು. ಮುಂದಿನ ಬುಧವಾರ ಬಂತು. ಸ್ಕ್ಯಾನ್ ಆದ ಪುಟಗಳೆಲ್ಲ ನನ್ನ ಕೈಯಿಂದಾನೇ ತಾಣಕ್ಕೆ ಏರ್ಬೇಕಿತ್ತಲ್ಲ. ಓದಿದೆ. ಅರ್ಧ ಗಂಟೆ ನೀರಲ್ಲಿಟ್ರೆ ಒಳಗಿನ ಸ್ಪಂಜು ನೀರು ಕುಡಿಯುತ್ತೆ, ಬಳಸಬಾರದು ಅಂತ ಬರೆದಿತ್ತು. ನೀನು ಹಿಂದಿನ ಶುಕ್ರವಾರವೇ ಲಗತ್ತಿಸಿದೆ ಅಂತ ಹೊಡೆದಾಗಿತ್ತು. ಎರಡೂ ಪಕ್ಕಪಕ್ಕ ಇದ್ರೆ ಮೊದಲು ಹೋಗೋದು ನಿನ್ನ ಕೆಲಸ, ಆಮೇಲೆ ಪೊಲೀಸು. ನಮ್ಮ ಮದುವೆಗೆ ಇಪ್ಪತ್ತು ದಿನ ಇತ್ತು."

"ಏನು ಮಾಡಿದ್ರಿ?"

"ಏರಿಸ್ಲಿಲ್ಲ."

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಬೆರಳು ಮಡಚಿ ದಿನ ಎಣಿಸಿದಳು. ಬುಧವಾರದಿಂದ ಮುಂದಿನ ಮಂಗಳವಾರಕ್ಕೆ ಆರು ದಿನ. ಆರು ದಿನ ಆ ಪುಟ ಇವನ ಬಳಿ ಇತ್ತು. ಯಾರಾದರೂ ಓದಿದ್ದರೆ ನಾನೂರು ಜಾಕೆಟ್‌ಗಳೂ ಉಗ್ರಾಣಕ್ಕೆ ವಾಪಸಾಗುತ್ತಿದ್ದವು.

"ನನಗೇನು ಗೊತ್ತು ಅವು ಆಗಲೇ ದೋಣಿಕಟ್ಟೆಗೆ ಹೋಗಿವೆ ಅಂತ?" ಅವನು ತಲೆ ಎತ್ತಿದ. "ಉಗ್ರಾಣದಲ್ಲೇ ಬಿದ್ದಿರುತ್ತೆ, ಮದುವೆ ಮುಗಿದ ಮೇಲೆ ಹೇಗಾದ್ರೂ ಹೇಳೋಣ ಅಂದ್ಕೊಂಡೆ. ದೇವರಾಣೆಗೂ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಬಾಯಿ ಮುಚ್ಕೊಂಡು ಇರ್ತಿದ್ನಾ? ನನ್ನನ್ನ ಅಂಥವನು ಅಂದ್ಕೊಂಡ್ಯಾ?"

ಇಲ್ಲ, ಅಂಥವನಲ್ಲ. ಅವಳು ಅದನ್ನು ನಂಬಿದಳು. ನಂಬಿಕೆ ಒಂದು ಬಗೆಯ ನೋವಾಗಿ ಒಳಗೆ ಇಳಿಯಿತು. ಅವಳನ್ನು ಉಳಿಸಲು ಹೋದವನು, ಗೊತ್ತಿಲ್ಲದೆ ಇಷ್ಟು ಮಾಡಿಕೊಂಡ. ಬೇರೆ ಯಾರಿಗಾಗಿಯೂ ಅಲ್ಲ, ಅವಳಿಗಾಗಿ. ಏಳು ವರ್ಷ ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ಅಕ್ಕಪಕ್ಕ, ಇಬ್ಬರೂ ಅದೇ ಹನ್ನೊಂದು ಜನರನ್ನು ಒಬ್ಬರಿಗೊಬ್ಬರು ಕಾಣದಂತೆ ಬಚ್ಚಿಟ್ಟುಕೊಂಡು ಬದುಕಿದ್ದರು.

"ಆ ಪುಟ ಇದೆಯಾ?"

"ಅಳಿಸೋಕೆ ಕೈ ಬರ್ಲಿಲ್ಲ." ಅವನು ಎದ್ದು ಹೋಗಿ ಹಳೆಯ ರೇಡಿಯೋದ ಹಿಂದಿನಿಂದ ಒಂದು ಮಡಿಸಿದ ಕಾಗದ ತಂದ.

ಅವಳು ಬಿಚ್ಚಿದಳು. ಮೊಹರು, ತಾರೀಕು, ಕೆಳಗೆ ದಪ್ಪಕ್ಷರದಲ್ಲಿ 'ಬಳಕೆಗೆ ಯೋಗ್ಯವಲ್ಲ'. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡಳು.

"ಇದನ್ನ ಅವನ ಕೈಗೆ ಕೊಡ್ತೀನಿ."

"ನಾನು ಜೈಲಿಗೆ ಹೋಗ್ತೀನಿ ಕಣೇ."

"ನಾನೂ ಬರ್ತೀನಿ. ಇಬ್ಬರೂ ಸೇರಿ ಮಾಡಿದ್ದಲ್ವಾ ಇದು?"

ಅವನು ಏನೋ ಹೇಳಹೊರಟ. ಕರೆಗಂಟೆ ಬಡಿಯಿತು.

"ನಾನು ಒಳಗಿರ್ತೀನಿ," ಎಂದು ಅವನು ಗಡಬಡಿಸಿ ಮಲಗುವ ಕೋಣೆಯ ಕಡೆ ತಿರುಗಿದ. ಅವಳು ಅವನ ತೋಳು ಹಿಡಿದಳು. "ಬೇಡ. ಇಲ್ಲೇ ನಿಂತ್ಕೊಳ್ಳಿ. ಅಷ್ಟಾದರೂ ಮಾಡೋಣ."

ಬಾಗಿಲು ತೆಗೆದಳು.

ಹುಡುಗಿ ಪಕ್ಕಕ್ಕೆ ಸರಿದಳು. ಹಿಂದಿದ್ದವನು ಎತ್ತರದ ಮನುಷ್ಯ. ಬೆನ್ನು ಬಾಗಿತ್ತು. ಹಗ್ಗ ಎಳೆದೆಳೆದು ದಪ್ಪವಾದ ಕೈಗಳು ಮಾತ್ರ ಹಾಗೆಯೇ ಇದ್ದವು. ಚಪ್ಪಲಿ ಬಿಟ್ಟು ಒಳಗೆ ಬಂದ.

ದಾಖಲೆ ಅಕ್ಕ ಎರಡೂ ಕೈಯಿಂದ ಕಾಗದ ಚಾಚಿದಳು. "ಆ ಪದ ಹೊಡೆದಿದ್ದು ನಾನು. ನೀವು ಹೇಳಿದ್ದು ನಿಜ ಅಂತ ಇದರಲ್ಲಿ ಬರೆದಿದೆ. ಏಳು ವರ್ಷ ತಡ ಆಯ್ತು."

ಬೋಟಿನವನು ಕಾಗದ ತೆಗೆದುಕೊಂಡ. ಓದಲಿಲ್ಲ. ಅವನ ಕಣ್ಣು ಅವಳ ಹೆಗಲ ಮೇಲಿಂದ ಹಿಂದಕ್ಕೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತವನ ಮೇಲೆ ನೆಟ್ಟಿತ್ತು. ನೋಡಿದ. ಇನ್ನೂ ಒಂದು ಹೆಜ್ಜೆ ಮುಂದೆ ಬಂದು ನೋಡಿದ.

"ಅಪ್ಪಾ?" ಎಂದಳು ಹುಡುಗಿ.

ಎರಡು ವರ್ಷದಿಂದ ಮುಚ್ಚಿದ್ದ ಬಾಯಿ ತೆರೆಯಿತು. ದನಿ ಒಣಗಿತ್ತು, ಆದರೆ ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು.

"ಎಲ್ಲರಿಗೂ ನಾನೇ ಕಟ್ತಿದ್ದೆ ಜಾಕೆಟ್ಟು. ಹಾಗಾಗಿ ಮುಖ ಮರೆಯಲ್ಲ ನನಗೆ. ಬೋಟು ಮುಳುಗಿದ ದಿನ ಇವರಿಗೂ ಕಟ್ಟಿದ್ದೆ. ಹೊಸ ಜಾಕೆಟ್ಟು. ಅದರ ಮೇಲಿದ್ದ ಟೆಂಡರು ನಂಬರಿನ ಚೀಟಿ ಓದಿದ್ರು, ಗಂಟು ಬಿಚ್ಚಿ ನನ್ನ ಕೈಗೆ ಕೊಟ್ರು, ಒಂದು ಮಾತೂ ಆಡದೆ ಬೋಟಿಂದ ಇಳಿದು ಹೋದ್ರು."

ದಾಖಲೆ ಅಕ್ಕ ಗಂಡನ ಕಡೆಗೆ ತಿರುಗಿದಳು. "ಅವು ದೋಣಿಕಟ್ಟೆಗೆ ಹೋಗಿದ್ದು ನಿಮಗೆ ಗೊತ್ತಿತ್ತಾ?"

ಅವನು ಇಲ್ಲವೆನ್ನಲಿಲ್ಲ.